ಕನಿಷ್ಕದ ಸಾಕ್ಷಿಗಳು

ಐರ್ಲೆಂಡಿನ ನೈಋತ್ಯ ಮೂಲೆಯಲ್ಲಿ, ಕಾರ್ಕ್ ಜಿಲ್ಲೆಯ ಕಡಲಂಚಿನಲ್ಲಿ ಅಹಕಿಸ್ಟಾ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿ ಸಮುದ್ರಕ್ಕೆ ಮುಖ ಮಾಡಿದ ಒಂದು ಚಿಕ್ಕ ತೋಟ, ತೋಟದ ನಡುವೆ ಕಲ್ಲಿನ ಒಂದು ನೆರಳು ಗಡಿಯಾರ, ಅದರ ಬಳಿ ಸತ್ತವರ ಹೆಸರುಗಳು. ಪ್ರತಿ ವರ್ಷ ಜೂನ್ 23ರ ಬೆಳಿಗ್ಗೆ ಕೆನಡಾದಿಂದ, ಭಾರತದಿಂದ, ಇಂಗ್ಲೆಂಡಿನಿಂದ ಬಂದ ಕೆಲವರು ಅಲ್ಲಿ ಸೇರುತ್ತಾರೆ. ಊರಿನವರೂ ಬಂದು ಅವರ ಜೊತೆ ನಿಲ್ಲುತ್ತಾರೆ. ಆ ಹೆಸರುಗಳಲ್ಲಿ ಒಂದು ಕೂಡ ಆ ಊರಿನದ್ದಲ್ಲ. ಆ ಊರಿನವರು ಬಹುಶಃ ಆ ಹೆಸರುಗಳನ್ನು ಸರಿಯಾಗಿ ಉಚ್ಚರಿಸಲೂ ಕಷ್ಟಪಡುತ್ತಾರೆ. ಆದರೂ ನಲವತ್ತು ವರ್ಷಗಳಿಂದ ಅವರು ಬರುವುದನ್ನು ಬಿಟ್ಟಿಲ್ಲ.

1985ರ ಜೂನ್ 23, ಭಾನುವಾರ. ಏರ್ ಇಂಡಿಯಾದ 182ನೇ ವಿಮಾನ ಮಾಂಟ್ರಿಯಲ್‌ನಿಂದ ಲಂಡನ್ ಮಾರ್ಗವಾಗಿ ದೆಹಲಿ, ಮುಂಬಯಿಗೆ ಹೊರಟಿತ್ತು. ಆ ವಿಮಾನಕ್ಕೆ ಇಟ್ಟ ಹೆಸರು ಕನಿಷ್ಕ. ಐರ್ಲೆಂಡಿನ ಕರಾವಳಿಯಿಂದ ಸುಮಾರು 190 ಕಿಲೋಮೀಟರ್ ದೂರದಲ್ಲಿ, 31 ಸಾವಿರ ಅಡಿ ಎತ್ತರದಲ್ಲಿ, ಸಾಮಾನು ಕೋಣೆಯಲ್ಲಿದ್ದ ಒಂದು ಸೂಟ್‌ಕೇಸ್ ಸಿಡಿಯಿತು. ಒಳಗಿದ್ದ 329 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳು. ಶಾಲೆಗೆ ರಜೆ ಸಿಕ್ಕಿತ್ತು, ಅಜ್ಜ ಅಜ್ಜಿಯರನ್ನು ನೋಡಲು ಹೊರಟಿದ್ದರು. ಅದಕ್ಕೆ ಒಂದು ಗಂಟೆಗೂ ಕಡಿಮೆ ಅವಧಿಯ ಮುಂಚೆ ಜಪಾನಿನ ನರಿತಾ ವಿಮಾನ ನಿಲ್ದಾಣದಲ್ಲಿ, ಇನ್ನೊಂದು ಏರ್ ಇಂಡಿಯಾ ವಿಮಾನಕ್ಕೆ ಏರಿಸಬೇಕಿದ್ದ ಮತ್ತೊಂದು ಪೆಟ್ಟಿಗೆ ಸಿಡಿದು, ಸಾಮಾನು ಸಾಗಿಸುತ್ತಿದ್ದ ಇಬ್ಬರು ಕೆಲಸಗಾರರು ಸತ್ತರು. ಎರಡೂ ಪೆಟ್ಟಿಗೆಗಳು ಕೆನಡಾದ ವ್ಯಾಂಕೂವರ್ ನಗರದಿಂದ ಹೊರಟಿದ್ದವು. ಪೆಟ್ಟಿಗೆ ಕೊಟ್ಟವರು ಮಾತ್ರ ವಿಮಾನ ಹತ್ತಿರಲಿಲ್ಲ.

ನನಗಾಗ ಐದು ವರ್ಷ. ನನ್ನ ನೆನಪಿನಲ್ಲಿ ಇದು ಯಾವುದೂ ಇಲ್ಲ. ಹಾಗಿದ್ದ ಮೇಲೆ ಇಷ್ಟು ವರ್ಷಗಳಾದ ಮೇಲೆ ಇದನ್ನು ಬರೆಯಲು ನನಗೇನು ಹಕ್ಕು ಎಂದು ಓದುಗರು ಕೇಳಬಹುದು. ನಿಜ ಹೇಳಬೇಕೆಂದರೆ ನಾನು ಬರೆಯಹೊರಟದ್ದು ಒಂದು ಕತೆ. ಅದು ಕತೆಯಾಗಲಿಲ್ಲ. ಯಾಕಾಗಲಿಲ್ಲ ಎಂದು ಯೋಚಿಸುತ್ತಾ ಹೋದದ್ದೇ ಈ ಲೇಖನವಾಗಿದೆ.

ಕತೆಯಲ್ಲಿ ನಾನು ಬಾಂಬ್ ಇಟ್ಟವನನ್ನು ಮುಖ್ಯ ಪಾತ್ರ ಮಾಡಿದ್ದೆ. ಅವನ ಸಿಟ್ಟು, ಅವನು ಕಂಡ ಅನ್ಯಾಯ, ಹೆಂಡತಿಯ ಮುಂದೆ ಬಾಯಿ ಬಿಡದೆ ಕಳೆದ ರಾತ್ರಿಗಳು, ಇವೆಲ್ಲ ಸರಾಗವಾಗಿ ಬರತೊಡಗಿದವು. ಐದಾರು ಪುಟ ಆಗುವಷ್ಟರಲ್ಲಿ ನನಗೇ ಗಾಬರಿಯಾಯಿತು. ಕೊಂದವನು ಇಷ್ಟು ಸುಲಭವಾಗಿ ಮಾತಾಡುತ್ತಾನೆ, ಕಿಟಕಿ ಪಕ್ಕ ನಿದ್ದೆ ಹೋಗಿದ್ದ ಎಂಟು ವರ್ಷದ ಹುಡುಗಿಯ ಬಗ್ಗೆ ಮಾತ್ರ ನನಗೆ ಎರಡು ಸಾಲು ಬರೆಯಲಾಗುತ್ತಿಲ್ಲ! ಇದು ಕೇವಲ ನನ್ನ ಬರವಣಿಗೆಯ ಕೊರತೆಯಲ್ಲ ಎಂದು ಆಮೇಲೆ ಅನ್ನಿಸಿತು. ಲೋಕವೂ ಹಾಗೆಯೇ ನೆನಪಿಟ್ಟುಕೊಳ್ಳುತ್ತದೆ. ಕೊಂದವರ ಹೆಸರು, ಸಂಘಟನೆ, ಬೇಡಿಕೆ, ಫೋಟೋ ಎಲ್ಲ ಗೊತ್ತಿರುತ್ತವೆ. ಸತ್ತವರು ಒಂದು ಸಂಖ್ಯೆಯಾಗಿ ಉಳಿಯುತ್ತಾರೆ. ಲೇಖಕಿ ಭಾರತಿ ಮುಖರ್ಜಿ ಇದೇ ದುರಂತದ ಬಗ್ಗೆ ಬರೆದ ಕತೆಯಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಹೆಂಗಸಿನ ಬಾಯಿಂದಲೇ ಎಲ್ಲವನ್ನೂ ಹೇಳಿಸುತ್ತಾರೆ. ಬಾಂಬಿಟ್ಟವನಿಗೆ ಅಲ್ಲಿ ಮಾತಿಲ್ಲ. ಅದನ್ನು ಓದಿದ ಮೇಲೆ ನನ್ನ ಪುಟಗಳನ್ನು ಹರಿದು ಹಾಕಿದೆ.

ಇನ್ನೊಂದು ಕಾರಣವೂ ಇದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಎಲ್ಲಿಯೋ ಬಾಂಬ್ ಸಿಡಿದ ಮರುದಿನ ಕೆಲಸದ ಜಾಗದಲ್ಲಿ ಚಹಾದ ಹೊತ್ತಿಗೆ ಮಾತು ನಿಲ್ಲುವುದು, ಯಾರೋ ಒಬ್ಬರು ತೀರ ಸೌಜನ್ಯದಿಂದಲೇ "ಇದಕ್ಕೆ ನಿಮ್ಮವರು ಏನು ಹೇಳ್ತಾರೆ?" ಎಂದು ಕೇಳುವುದು, ಇದನ್ನು ಅನುಭವಿಸದ ಮುಸ್ಲಿಮರು ನಮ್ಮಲ್ಲಿ ಕಡಿಮೆ. ಆ 'ನಿಮ್ಮವರು' ಎಂಬ ಪದ ನನ್ನನ್ನು ಬಹಳ ವರ್ಷ ಕಾಡಿದೆ. ಕನಿಷ್ಕದ ಕಡತಗಳನ್ನು ಓದುವಾಗ ಅದೇ ಪದ ಬೇರೊಂದು ವೇಷದಲ್ಲಿ ಎದುರಾಯಿತು.

ವಿಮಾನದಲ್ಲಿದ್ದವರಲ್ಲಿ 268 ಮಂದಿ ಕೆನಡಾದ ಪ್ರಜೆಗಳು. ಭಾರತದ ಪ್ರಜೆಗಳು 24. ಬಾಂಬ್ ತಯಾರಾದದ್ದು ಕೆನಡಾದಲ್ಲಿ, ವಿಮಾನಕ್ಕೆ ಏರಿದ್ದು ಕೆನಡಾದಲ್ಲಿ. ಆದರೆ ಸುದ್ದಿ ತಿಳಿದಾಗ ಕೆನಡಾದ ಅಂದಿನ ಪ್ರಧಾನಿ ಬ್ರಯಾನ್ ಮಲ್ರೋನಿ ಸಂತಾಪ ಸೂಚಿಸಿ ಫೋನ್ ಮಾಡಿದ್ದು ರಾಜೀವ್ ಗಾಂಧಿಯವರಿಗೆ! ಸತ್ತವರ ಮೈಬಣ್ಣ ನೋಡಿ, ಹೆಸರು ನೋಡಿ, ಇವರು 'ನಿಮ್ಮವರು' ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಟೊರಾಂಟೋದಲ್ಲಿ ತೆರಿಗೆ ಕಟ್ಟುತ್ತಾ, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳಿಸುತ್ತಾ ಇದ್ದ ತಂದೆಗೆ ಆ ದಿನ ತಾನು ಯಾವ ದೇಶದವನು ಎಂದು ತಿಳಿಯಿತು. ಭಾರತಕ್ಕೋ, ಇವರು ಅನಿವಾಸಿಗಳು, ಬೇರೆ ದೇಶದ ಪಾಸ್‌ಪೋರ್ಟಿನವರು. ಹೀಗೆ ಸತ್ತವರು ಯಾರವರೂ ಆಗಲಿಲ್ಲ. ಕೊಂದವರು ಮಾತ್ರ ಇಡೀ ಒಂದು ಸಮುದಾಯದವರಾದರು. ಪೇಟ ಕಟ್ಟಿದವರನ್ನೆಲ್ಲ ಜನ ಅನುಮಾನದಿಂದ ನೋಡತೊಡಗಿದರು. ಆ ವಿಮಾನದಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು, ಪಾರ್ಸಿಗಳ ಜೊತೆಗೆ ಸಿಖ್ಖರೂ ಇದ್ದರು, ಸಹ ಪೈಲಟ್ ಆಗಿದ್ದವರೂ ಸಿಖ್ಖರು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೂರು ವರ್ಷಗಳ ನಂತರ, 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಪ್ಯಾನ್ ಆಮ್ ವಿಮಾನ ಸಿಡಿದು 270 ಜನ ಸತ್ತರು. ಆ ಹೆಸರನ್ನು ಜಗತ್ತು ಮರೆತಿಲ್ಲ. ತನ್ನ 35 ವಿದ್ಯಾರ್ಥಿಗಳನ್ನು ಕಳೆದುಕೊಂಡ ಅಮೆರಿಕಾದ ಸಿರಾಕ್ಯೂಸ್ ವಿಶ್ವವಿದ್ಯಾಲಯ ಅವರ ನೆನಪಿನಲ್ಲಿ ಇಂದಿಗೂ ವಿದ್ಯಾರ್ಥಿವೇತನ ಕೊಡುತ್ತಿದೆ. ಒಳ್ಳೆಯದೇ. ಯಾರ ನೆನಪಿನ ಮೇಲೂ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕನಿಷ್ಕ? ಕೆನಡಾದ ಇತಿಹಾಸದಲ್ಲೇ ಅತಿ ದೊಡ್ಡ ಭಯೋತ್ಪಾದಕ ಕೃತ್ಯವಾದ ಇದರ ಬಗ್ಗೆ ತಮಗೆ ಏನೂ ತಿಳಿಯದು ಅಥವಾ ಬಹಳ ಕಡಿಮೆ ತಿಳಿದಿದೆ ಎಂದು 2023ರ ಒಂದು ಸಮೀಕ್ಷೆಯಲ್ಲಿ ಹತ್ತರಲ್ಲಿ ಒಂಬತ್ತು ಕೆನಡಿಯನ್ನರು ಹೇಳಿದರು. ನಮ್ಮಲ್ಲಿ ಕೇಳಿದ್ದರೆ ಉತ್ತರ ಇದಕ್ಕಿಂತ ಹೆಚ್ಚು ಬೇರೆಯಾಗಿರುತ್ತಿತ್ತೆಂದು ನನಗೇನೂ ಭರವಸೆಯಿಲ್ಲ.

ನ್ಯಾಯದ ಕತೆ ಇನ್ನೂ ನೋವಿನದು. ದಾಳಿಗೆ ಮೂರು ವಾರ ಮುಂಚೆ ಕೆನಡಾದ ಗುಪ್ತಚರರು ಸಂಚಿನ ನಾಯಕ ತಲ್ವಿಂದರ್ ಸಿಂಗ್ ಪರ್ಮಾರ್‌ನ ಬೆನ್ನು ಹತ್ತಿ ವ್ಯಾಂಕೂವರ್ ದ್ವೀಪದ ಕಾಡಿನವರೆಗೆ ಹೋಗಿದ್ದರು. ಒಳಗಿನಿಂದ ದೊಡ್ಡ ಸದ್ದು ಕೇಳಿಸಿತ್ತು. ಬಂದೂಕಿನದಿರಬೇಕು ಎಂದುಕೊಂಡು ಹಿಂತಿರುಗಿದರು. ಅವನ ಫೋನ್ ಮಾತುಗಳನ್ನು ಧ್ವನಿಮುದ್ರಿಸಿದ್ದರು. ಆಮೇಲೆ ಆ ಟೇಪುಗಳಲ್ಲಿ ಹೆಚ್ಚಿನವನ್ನು ತಾವೇ ಅಳಿಸಿ ಹಾಕಿದರು. ಪರ್ಮಾರ್ 1992ರಲ್ಲಿ ಪಂಜಾಬ್ ಪೊಲೀಸರ ಕೈಯಲ್ಲಿ ಸತ್ತ. ಇಬ್ಬರು ಆರೋಪಿಗಳು 2005ರ ಮಾರ್ಚ್ 16ರಂದು ಸಾಕ್ಷ್ಯ ಸಾಲದೆ ಬಿಡುಗಡೆಯಾದರು. ಇಪ್ಪತ್ತು ವರ್ಷ ಕಾದ ಕುಟುಂಬಗಳು ಅಂದು ನ್ಯಾಯಾಲಯದಿಂದ ಬರಿಗೈಯಲ್ಲಿ ಹೊರಬಂದವು. ಶಿಕ್ಷೆಯಾದದ್ದು ಇಂದರ್ಜಿತ್ ಸಿಂಗ್ ರೆಯಾತ್ ಎಂಬ ಒಬ್ಬನಿಗೆ ಮಾತ್ರ. ಕನಿಷ್ಕದ 329 ಜೀವಗಳಿಗೆ ಐದು ವರ್ಷ. ಉಳಿದವರ ವಿಚಾರಣೆಯಲ್ಲಿ ಸಾಕ್ಷಿಕಟ್ಟೆ ಹತ್ತಿ ಸುಳ್ಳು ಹೇಳಿದ್ದಕ್ಕೆ ಒಂಬತ್ತು ವರ್ಷ! ಕೊಂದದ್ದಕ್ಕಿಂತ ಸುಳ್ಳಾಡಿದ್ದಕ್ಕೆ ಹೆಚ್ಚು ಶಿಕ್ಷೆಯಾಯಿತೆಂದು ಮೊದಲು ಓದಿದಾಗ ನನಗೆ ವಿಚಿತ್ರ ಎನ್ನಿಸಿತ್ತು. ಈಗ ಅದರಲ್ಲಿ ಏನೋ ಅರ್ಥವಿದೆ ಎನ್ನಿಸುತ್ತಿದೆ. ಅದಕ್ಕೆ ಮುಂದೆ ಬರುತ್ತೇನೆ.

ಇಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ, ಅದನ್ನು ಬಳಸಿಕೊಂಡು ದಾಟಿ ಹೋಗಲು ಸಾಧ್ಯವಿಲ್ಲ. 1984ರ ಜೂನ್‌ನಲ್ಲಿ ಸೇನೆ ಅಮೃತಸರದ ಸ್ವರ್ಣಮಂದಿರವನ್ನು ಹೊಕ್ಕಿತು. ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ನಂತರದ ಮೂರು ನಾಲ್ಕು ದಿನಗಳಲ್ಲಿ ದೆಹಲಿಯೊಂದರಲ್ಲೇ, ಸರಕಾರದ ಲೆಕ್ಕದ ಪ್ರಕಾರವೇ, 2,733 ಸಿಖ್ಖರನ್ನು ಕೊಲ್ಲಲಾಯಿತು. ಕೊರಳಿಗೆ ಟಯರ್ ಹಾಕಿ ಸುಟ್ಟರು. ಪೊಲೀಸರು ನೋಡುತ್ತಾ ನಿಂತರು. ಕನಿಷ್ಕದ ಬಗ್ಗೆ ಮಾತೆತ್ತಿದರೆ ಕೆಲವರು ತಕ್ಷಣ ಇದನ್ನು ಹೇಳುತ್ತಾರೆ. ಹೇಳಬಾರದೆ? ಹೇಳಲೇಬೇಕು. ಒಬ್ಬ ಮುಸ್ಲಿಮನಾದವನು, ಗಲಭೆಯಲ್ಲಿ ಪೊಲೀಸರು ನೋಡುತ್ತಾ ನಿಲ್ಲುವುದೆಂದರೆ ಏನೆಂದು ಬಲ್ಲವನು, ಅದನ್ನು ಹೇಳಬೇಡಿ ಎನ್ನಲಾರ. ಆದರೆ ಯಾವಾಗ ಹೇಳುತ್ತೇವೆ, ಯಾರಿಗೆ ಹೇಳುತ್ತೇವೆ ಎಂಬುದರ ಮೇಲೆ ಮಾತಿನ ಅರ್ಥ ಬದಲಾಗುತ್ತದೆ. ತ್ರಿಲೋಕಪುರಿಯ ವಿಧವೆಯ ಪಕ್ಕದಲ್ಲಿ ಕುಳಿತು ಹೇಳಿದರೆ ಅದು ನೆನಪು. ಮಗುವಿನ ಶವಕ್ಕಾಗಿ ಕಾರ್ಕ್‌ನ ಆಸ್ಪತ್ರೆಯಲ್ಲಿ ಕಾಯುತ್ತಿರುವ ತಾಯಿಯ ಮುಂದೆ ಹೇಳಿದರೆ ಅದು ಸಮಜಾಯಿಷಿ. ಒಂದು ಕೃತ್ಯಕ್ಕೆ ಕಾರಣ ಹುಡುಕುವುದು ಬೇರೆ, ಅದಕ್ಕೆ ಬೆಲೆ ಕಟ್ಟಿ ಸತ್ತವರಿಂದ ವಸೂಲು ಮಾಡುವುದು ಬೇರೆ. ದೆಹಲಿಯ ಗಲಭೆಕೋರನೂ ಅದನ್ನೇ ಮಾಡಿದ್ದ: ಇಬ್ಬರು ಅಂಗರಕ್ಷಕರ ಕೃತ್ಯಕ್ಕೆ ಬೀದಿಯಲ್ಲಿ ಸಿಕ್ಕ ಸಿಖ್ಖನಿಂದ ಲೆಕ್ಕ ಚುಕ್ತಾ ಮಾಡಿಸಿಕೊಂಡ. ವ್ಯಾಂಕೂವರ್‌ನಲ್ಲಿ ಪೆಟ್ಟಿಗೆ ಕಟ್ಟಿದವನು ಅವನ ಶತ್ರುವಲ್ಲ, ಅವನ ಶಿಷ್ಯ. 'ನಿಮ್ಮವರು' ಎಂಬ ಪಾಠವನ್ನು ಅವನಿಂದಲೇ ಕಲಿತು ಒಪ್ಪಿಸಿದ.

ಪಂಜಾಬಿಯಲ್ಲೂ ನಮ್ಮ ಉರ್ದುವಿನಲ್ಲೂ 'ಶಹೀದ್' ಎಂಬ ಶಬ್ದವಿದೆ. ಅರಬಿಯಿಂದ ಬಂದದ್ದು. ಕೆನಡಾದಲ್ಲಿ ಕೆಲವು ಮೆರವಣಿಗೆಗಳಲ್ಲಿ ಪರ್ಮಾರ್‌ನ ಚಿತ್ರವನ್ನು ಶಹೀದ್ ಎಂದು ಬರೆದು ಹೊತ್ತು ಸಾಗಿದ್ದಾರೆ. ಶಾಲೆಯಲ್ಲಿ ನಮ್ಮ ಉರ್ದು ಮೇಷ್ಟ್ರು ಈ ಶಬ್ದದ ಬೇರನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿದ್ದು ನನಗೆ ನೆನಪಿದೆ. ಶೀನ್, ಹೇ, ದಾಲ್. ಇದೇ ಮೂರಕ್ಷರದಿಂದ ಶಹೀದ್, ಅಂದರೆ ಹುತಾತ್ಮ. ಶಾಹಿದ್, ಅಂದರೆ ಸಾಕ್ಷಿ. ಶಹಾದತ್, ಅಂದರೆ ಎರಡೂ. ಸಾಕ್ಷಿ ನುಡಿದು ಅದಕ್ಕಾಗಿ ಜೀವ ತೆತ್ತವನು ಎಂಬುದು ಆ ಶಬ್ದದ ಒಡಲಲ್ಲೇ ಇದೆ. ಇನ್ನೊಂದು ಮಾತನ್ನೂ ಮೇಷ್ಟ್ರು ಹೇಳಿದ್ದರು. ಪ್ರವಾದಿ ಮುಹಮ್ಮದ್(ಸ)ರು ಶಹೀದರೆಂದು ಎಣಿಸಿದವರಲ್ಲಿ ರಣರಂಗದಲ್ಲಿ ಸತ್ತವರಷ್ಟೇ ಅಲ್ಲ, ಪ್ಲೇಗಿನಿಂದ ಸತ್ತವರೂ ಇದ್ದಾರೆ, ನೀರಿನಲ್ಲಿ ಮುಳುಗಿ ಸತ್ತವರೂ ಇದ್ದಾರೆ. ಹಾಗಾದರೆ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಆ ಮಕ್ಕಳೇನು? ಪದವಿ ಯಾರದ್ದೋ, ಅದನ್ನು ಹೊತ್ತು ಮೆರೆಯುವವರು ಯಾರೋ. ನಮ್ಮಲ್ಲೂ ಈ ಶಬ್ದವನ್ನು ಇದೇ ರೀತಿ ಕದ್ದವರಿದ್ದಾರೆ, ನಾವು ಅವರ ಕೈಯಿಂದ ಅದನ್ನು ಕಿತ್ತುಕೊಳ್ಳಲು ಸಾಕಷ್ಟು ಜಗಳವಾಡಿಲ್ಲ.

ಈ ಶಬ್ದಕ್ಕೆ ನಿಜವಾಗಿ ತಕ್ಕವರೊಬ್ಬರು ಆ ಸಮುದಾಯದಲ್ಲೇ ಇದ್ದರು. ತಾರಾ ಸಿಂಗ್ ಹೇಯರ್. ಕೆನಡಾದಲ್ಲಿ 'ಇಂಡೋ-ಕೆನಡಿಯನ್ ಟೈಮ್ಸ್' ಎಂಬ ಪಂಜಾಬಿ ಪತ್ರಿಕೆಯ ಸಂಪಾದಕರು. ಮೊದಲಿಗೆ ಪ್ರತ್ಯೇಕತಾವಾದದ ಪರವಾಗಿಯೇ ಬರೆಯುತ್ತಿದ್ದವರು. ಆಮೇಲೆ ಹಿಂಸೆಯನ್ನು ಕಂಡು ಅದರ ವಿರುದ್ಧ ಲೇಖನಿ ಹಿಡಿದರು. 1988ರಲ್ಲಿ ಅವರಿಗೆ ಗುಂಡು ಹೊಡೆದರು. ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಗಾಲಿ ಕುರ್ಚಿಯಲ್ಲಿ ಕುಳಿತು ಪತ್ರಿಕೆ ನಡೆಸಿದರು. ಕನಿಷ್ಕದ ಬಗ್ಗೆ ತಾವು ಕಿವಿಯಾರೆ ಕೇಳಿದ್ದನ್ನು 1995ರಲ್ಲಿ ಪೊಲೀಸರಿಗೆ ಹೇಳಿಕೆಯಾಗಿ ಕೊಟ್ಟರು. 1998ರ ನವೆಂಬರ್ 18ರಂದು, ಮನೆಯ ಗ್ಯಾರೇಜಿನಲ್ಲಿ ಕಾರಿನಿಂದ ಗಾಲಿ ಕುರ್ಚಿಗೆ ಇಳಿಯುವ ಹೊತ್ತಿನಲ್ಲಿ, ಅವರನ್ನು ಕೊಂದರು. ಆ ಕೊಲೆಗೆ ಇಂದಿನವರೆಗೂ ಯಾರಿಗೂ ಶಿಕ್ಷೆಯಾಗಿಲ್ಲ. ಸತ್ತ ಸಾಕ್ಷಿಯನ್ನು ಪಾಟೀಸವಾಲು ಮಾಡುವಂತಿಲ್ಲವಾದ್ದರಿಂದ ಅವರ ಹೇಳಿಕೆ ನ್ಯಾಯಾಲಯದಲ್ಲಿ ಉಪಯೋಗಕ್ಕೆ ಬರಲಿಲ್ಲ. ಉಜ್ಜಲ್ ದೋಸಾಂಜ್ ಎಂಬ ವಕೀಲರು ದಾಳಿಗೆ ಮುಂಚೆಯೇ, 1985ರ ಫೆಬ್ರವರಿಯಲ್ಲಿ, ಉಗ್ರವಾದದ ವಿರುದ್ಧ ಮಾತಾಡಿದ್ದಕ್ಕೆ ಕಬ್ಬಿಣದ ಸರಳಿನಿಂದ ತಲೆಗೆ ಏಟು ತಿಂದಿದ್ದರು. ಅವರು ಬದುಕುಳಿದು, ಮುಂದೆ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಮುಖ್ಯಸ್ಥರೂ ಆದರು.

ಈಗ ಚಹಾದ ಹೊತ್ತಿನ ಆ ಪ್ರಶ್ನೆಗೆ ನನ್ನಲ್ಲಿ ಒಂದು ಉತ್ತರವಿದೆ. ಇನ್ನೊಬ್ಬನ ಪಾಪ ನನ್ನದಲ್ಲ. ಯಾವ ಹೊರೆಗಾರನೂ ಬೇರೊಬ್ಬನ ಹೊರೆಯನ್ನು ಹೊರುವುದಿಲ್ಲವೆಂಬುದು ನನ್ನ ಧರ್ಮದ ಮೂಲ ತಿಳುವಳಿಕೆ. ಆದ್ದರಿಂದ ನನ್ನಿಂದ ಕ್ಷಮಾಪಣೆ ಕೇಳಿಸುವ ಹಕ್ಕು ಯಾರಿಗೂ ಇಲ್ಲ, ಒಬ್ಬ ಸಿಖ್ಖನಿಂದ ಕೇಳಿಸುವ ಹಕ್ಕೂ ಇಲ್ಲ. ಆದರೆ ಇಲ್ಲಿಗೆ ನಿಲ್ಲಿಸಿಬಿಟ್ಟರೆ ಅದು ಅರ್ಧ ಸತ್ಯ. ಅದೇ ಕುರ್‌ಆನ್ 'ಅನ್ನಿಸಾ' ಅಧ್ಯಾಯದಲ್ಲಿ ಸ್ವಂತ ತಂದೆತಾಯಿ, ಬಂಧುಬಳಗದ ವಿರುದ್ಧವಾದರೂ, ತನ್ನ ವಿರುದ್ಧವೇ ಆದರೂ ಸಾಕ್ಷಿಯಾಗಿ ನಿಲ್ಲಬೇಕೆಂದು ಕಟ್ಟುನಿಟ್ಟಾಗಿ ವಿಧಿಸುತ್ತದೆ. ಪಾಪದಲ್ಲಿ ನನಗೆ ಪಾಲಿಲ್ಲ, ಸಾಕ್ಷ್ಯದಲ್ಲಿ ಇದೆ. ಹೊರಗಿನವನಿಗೆ ಕೇಳಿಸದ ಪಿಸುಮಾತು ಒಳಗಿನವನಿಗೆ ಕೇಳಿಸುತ್ತದೆ, ಅದಕ್ಕೇ ಈ ಜವಾಬ್ದಾರಿ. ವ್ಯಾಂಕೂವರ್‌ನಲ್ಲಿ ಗೊತ್ತಿದ್ದವರು ಹಲವರಿದ್ದರು. ಕೆಲವರು ಹೆದರಿದರು, ಅವರನ್ನು ನಾನು ದೂರಲಾರೆ. ನನಗೂ ಮನೆ ಮಕ್ಕಳಿದ್ದಾರೆ, ಹೇಯರ್ ಅವರಷ್ಟು ಎದೆ ನನಗಿದೆಯೆಂದು ಪ್ರಮಾಣ ಮಾಡಲಾರೆ. ಆದರೆ ಹೆದರದೆಯೂ ಸುಮ್ಮನಿದ್ದವರಿದ್ದಾರಲ್ಲ, ನಮ್ಮವರ ಮಾನ ಹೋಗಬಾರದೆಂದು ಬಾಯಿ ಮುಚ್ಚಿಕೊಂಡವರು, ಅವರ ಮಾತು ಬೇರೆ. ರೆಯಾತ್‌ಗೆ ಸುಳ್ಳು ಸಾಕ್ಷಿಗೆ ಹೆಚ್ಚು ಶಿಕ್ಷೆಯಾದದ್ದರಲ್ಲಿ ಅರ್ಥವಿದೆ ಎಂದೆನಲ್ಲ, ಅದು ಇದಕ್ಕೇ. ಬಾಂಬ್ ಒಂದು ದಿನ ಸಿಡಿದು ಮುಗಿಯಿತು. ಸುಳ್ಳು ಮಾತ್ರ ಇಪ್ಪತ್ತು ವರ್ಷ, ಮೂವತ್ತು ವರ್ಷ, ಪ್ರತಿ ದಿನವೂ ಆ ಮನೆಗಳ ಮೇಲೆ ಬೀಳುತ್ತಲೇ ಇತ್ತು. ಅವನನ್ನು ಕ್ಷಮಿಸಿ ಎಂದು ಉಪದೇಶಿಸುವವರೂ ಇದ್ದಾರೆ. ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಕೊಲೆಯನ್ನು ಕ್ಷಮಿಸುವ ಹಕ್ಕು ಸತ್ತವನ ವಾರಸುದಾರರಿಗೆ ಸೇರಿದ್ದು. ಪಕ್ಕದಲ್ಲಿ ನಿಂತ ನಾವು ಔದಾರ್ಯ ತೋರಿಸುವುದಕ್ಕೆ ಅದು ನಮ್ಮ ಸೊತ್ತಲ್ಲ. ಅಷ್ಟಕ್ಕೂ ಏನು ಮಾಡಿದೆನೆಂದು ಬಾಯಿಬಿಟ್ಟು ಹೇಳದವನನ್ನು ಯಾವುದಕ್ಕೆಂದು ಕ್ಷಮಿಸುವುದು?

ಸರಕಾರಗಳೂ ನೆನಪಿಸಿಕೊಳ್ಳುತ್ತವೆ, ತಮ್ಮ ಅನುಕೂಲ ನೋಡಿಕೊಂಡು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಜಾನ್ ಮೇಜರ್ ಅವರ ಆಯೋಗ 2010ರಲ್ಲಿ ವರದಿ ಕೊಟ್ಟು, ಇದು ಕೆನಡಾದ ದುರಂತ, ಕೆನಡಾದ ವೈಫಲ್ಯ ಎಂದು ಸಾರಿತು. ಅದೇ ಜೂನ್ 23ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಕುಟುಂಬಗಳ ಕ್ಷಮೆ ಕೇಳಿದರು. ಇಪ್ಪತ್ತೈದು ವರ್ಷ ಬೇಕಾಯಿತು. ದೆಹಲಿಯ ಹತ್ಯಾಕಾಂಡಕ್ಕೆ ಪ್ರಧಾನಿ ಮನಮೋಹನ್ ಸಿಂಗ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2005ರ ಆಗಸ್ಟ್‌ನಲ್ಲಿ, ಇಪ್ಪತ್ತೊಂದು ವರ್ಷಗಳ ಮೇಲೆ. 2024ರ ಜೂನ್‌ನಲ್ಲಿ ಕೆನಡಾದ ಸಂಸತ್ತು, ಹಿಂದಿನ ವರ್ಷ ಕೊಲೆಯಾದ ಹರ್ದೀಪ್ ಸಿಂಗ್ ನಿಜ್ಜರ್‌ಗಾಗಿ ಮೌನಾಚರಣೆ ಮಾಡಿತು. ಅದೇ ವಾರ ವ್ಯಾಂಕೂವರ್‌ನ ಭಾರತೀಯ ದೂತಾವಾಸ ಕನಿಷ್ಕದ ಸ್ಮರಣೆಗೆ ಕರೆ ಕೊಟ್ಟಿತು. ಒಬ್ಬರ ಮೌನಕ್ಕೆ ಇನ್ನೊಬ್ಬರ ಸ್ಮರಣೆ ಉತ್ತರವಾಗಬೇಕಾದರೆ, ಸತ್ತವರು ಮತ್ತೊಮ್ಮೆ ಯಾರದ್ದೋ ಸಾಮಾನಾಗಿ ಸಾಗಿದಂತಾಯಿತು. ಆ ತಂದೆತಾಯಂದಿರು ಈಗ ಎಂಬತ್ತರ ಆಚೆ ಈಚೆ ಇದ್ದಾರೆ. ಹಲವರು ತೀರಿಕೊಂಡಿದ್ದಾರೆ. ಅವರಿಗೆ ಈ ಚದುರಂಗದ ಅಗತ್ಯವಿರಲಿಲ್ಲ.

ಅದಕ್ಕೇ ನನ್ನ ಮನಸ್ಸು ಮತ್ತೆ ಮತ್ತೆ ಆ ಐರಿಷ್ ಊರಿಗೆ ಹೋಗುತ್ತದೆ. ಆ ದಿನ ಸಮೀಪದಲ್ಲಿದ್ದ ಒಂದು ಸರಕು ಹಡಗಿನ ಕೆಲಸಗಾರರು, ಐರಿಷ್ ನೌಕಾಪಡೆಯವರು ಅಲೆಗಳ ನಡುವಿನಿಂದ ಒಂದೊಂದೇ ಶವವನ್ನು ಎತ್ತಿದರು. 131 ಸಿಕ್ಕವು. ಉಳಿದವು ಸಿಗಲೇ ಇಲ್ಲ. ಕಾರ್ಕ್ ನಗರದ ದಾದಿಯರು, ಪೊಲೀಸರು, ಬೀದಿಯ ಜನರು, ಹಾರಿಬಂದ ಬಂಧುಗಳ ಕೈ ಹಿಡಿದು ಓಡಾಡಿಸಿದರು. ಒಂದೇ ವರ್ಷದಲ್ಲಿ ಸ್ಮಾರಕ ಕಟ್ಟಿದರು. ಕೆನಡಾದಲ್ಲಿ ಟೊರಾಂಟೋ, ವ್ಯಾಂಕೂವರ್‌ಗಳಲ್ಲಿ ಸ್ಮಾರಕ ಎದ್ದದ್ದು 2007ರಲ್ಲಿ.

ಹಾಬೀಲ ಕಾಬೀಲರ ವೃತ್ತಾಂತ ಓದುಗರಿಗೆ ಗೊತ್ತು. ಭೂಮಿಯ ಮೇಲಿನ ಮೊದಲ ಕೊಲೆ. ಒಬ್ಬನನ್ನು ಕೊಂದರೆ ಇಡೀ ಮನುಕುಲವನ್ನೇ ಕೊಂದಂತೆ ಎಂಬ ಸೂಕ್ತವನ್ನು ಪ್ರತಿ ಬಾಂಬಿನ ಮರುದಿನ ನಾವು ವೇದಿಕೆಗಳಲ್ಲಿ ಉಲ್ಲೇಖಿಸುತ್ತೇವೆ. ಆದರೆ ಅದರ ಹಿಂದಿನ ಸೂಕ್ತದಲ್ಲಿ ಒಂದು ಕಾಗೆ ಬರುತ್ತದೆ, ಅದನ್ನು ಮರೆತುಬಿಡುತ್ತೇವೆ. ತಮ್ಮನ ಶವವನ್ನು ಏನು ಮಾಡಬೇಕೆಂದು ತೋಚದೆ ನಿಂತ ಕಾಬೀಲನ ಮುಂದೆ ಆ ಕಾಗೆ ನೆಲ ಕೆದರುತ್ತದೆ. ಅದನ್ನು ನೋಡಿಯೇ ಅವನು ಹೂಳುವುದನ್ನು ಕಲಿಯುತ್ತಾನೆ. ಕೊಲ್ಲುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಹಕಿಸ್ಟಾದ ಜನ ಮಾಡಿದ್ದು ಆ ಕಾಗೆಯ ಕೆಲಸ.

ಕೊನೆಗೆ ನನ್ನ ಅಮ್ಮಿ ಹೇಳಿದ ಒಂದು ಸಂಗತಿ. ನಾನು ಈ ಕತೆಗಾಗಿ ಓದುತ್ತಿದ್ದೇನೆಂದು ತಿಳಿದು ಹೇಳಿದ್ದು. ನಾನಾಜಾನ್ ಅವರದ್ದು ದರ್ಜಿ ಅಂಗಡಿ. ಹೊಲಿಗೆ ಯಂತ್ರದ ಪಕ್ಕ ಸದಾ ರೇಡಿಯೋ. ವಿಮಾನ ಬಿದ್ದ ಮರುದಿನ ಅವರು ಅಸರ್ ನಮಾಝಿಗೆ ಸ್ವಲ್ಪ ಮುಂಚೆಯೇ ಮಸೀದಿಗೆ ಹೋಗಿ, ಸಮುದ್ರದಲ್ಲಿ ಸತ್ತವರಿಗಾಗಿ ಗಾಯಬಾನಾ ಜನಾಝಾ ನಮಾಝ್ ಮಾಡಬಹುದೇ ಎಂದು ಇಮಾಮ್ ಸಾಹೇಬರನ್ನು ಕೇಳಿದರಂತೆ. ನಮ್ಮದು ಹನಫೀ ಪದ್ಧತಿ; ಮಯ್ಯತ್ ಎದುರಿಗಿಲ್ಲದೆ ನಮಾಝ್ ಇಲ್ಲ. ಶಾಫಿಈಗಳಲ್ಲಿ ಅದಕ್ಕೆ ಅವಕಾಶವಿದೆ. ಇಮಾಮ್ ಸಾಹೇಬರು ಇದನ್ನೆಲ್ಲ ವಿವರಿಸಿ, "ಅದರಲ್ಲಿ ನಮ್ಮವರು ಎಷ್ಟು ಜನ ಇದ್ದರು?" ಎಂದು ಕೇಳಿದರಂತೆ.

"ಮುನ್ನೂರ ಇಪ್ಪತ್ತೊಂಬತ್ತು ಅಂತ ರೇಡಿಯೋದಲ್ಲಿ ಹೇಳಿದ್ರು, ಹಜ್ರತ್."

ಇಮಾಮ್ ಸಾಹೇಬರು ಅದಕ್ಕೆ ಏನೆಂದರು ಎಂದು ಅಮ್ಮಿಗೆ ನೆನಪಿಲ್ಲ. ನಮಾಝ್ ಆಗಲಿಲ್ಲವೆಂಬುದು ಮಾತ್ರ ಗೊತ್ತು. ನಾನಾಜಾನ್ ಅಂಗಡಿಗೆ ವಾಪಸು ಬಂದು, ಅರ್ಧಕ್ಕೆ ಬಿಟ್ಟಿದ್ದ ಯಾರದೋ ಅಂಗಿಯ ತೋಳನ್ನು ಮಡಿಲಲ್ಲಿಟ್ಟುಕೊಂಡು, ಮಗ್ರಿಬ್ ಅಝಾನ್ ಆಗುವವರೆಗೂ ಯಂತ್ರ ತುಳಿಯದೆ ಕುಳಿತಿದ್ದರಂತೆ.